ಜೆರೂಸಲೇಮಿನ ಗೆಡ್ಡೆ

ಕಚೇರಿಯ ಚೆಲುವರಾಜು ಕೆಸರೆಯ ತನ್ನ ಹಿತ್ತಲಲ್ಲಿ ಬೆಳೆದದ್ದೆಂದು ಒಂದು ಚೀಲ ಗೆಡ್ಡೆ ಕೊಟ್ಟಾಗ ನಂಜುಂಡಯ್ಯ ಬೇಡವೆನ್ನಬೇಕಿತ್ತು. ಆದರೆ ಯಾರಿಗೂ ಬೇಡವೆಂದು ಹೇಳಿ ಆತನಿಗೆ ಅಭ್ಯಾಸವಿರಲಿಲ್ಲ.

ಮರುದಿನ ಬೆಳಿಗ್ಗೆ ಹೆಂಡತಿ ನಾಗಮಣಿ ಅಗ್ರಹಾರದ ತಮ್ಮ ಬಾಡಿಗೆ ವಠಾರದ ಬಾವಿಕಟ್ಟೆಯಲ್ಲಿ ಗೆಡ್ಡೆ ತೊಳೆಯುತ್ತಿದ್ದಳು. ಮೈತುಂಬ ಗಂಟುಗಳಿದ್ದ ಅವು, ಶುಂಠಿಯೇ ಸಿಟ್ಟಿಗೆದ್ದು ಊದಿಕೊಂಡ ಹಾಗಿದ್ದವು. ವಠಾರದ ಒಡತಿ ಸುಂದರಮ್ಮ ಬಂದು ನಿಂತರು.

"ಏನಮ್ಮಾ ಇದು?"

"ಇವರನ್ನೇ ಕೇಳಿ" ಎಂದಳು ನಾಗಮಣಿ. ಅವಳಿಗೂ ಅನುಮಾನವೇ.

ಹಲ್ಲುಜ್ಜುತ್ತಿದ್ದ ನಂಜುಂಡಯ್ಯ ಹೆಮ್ಮೆಯಿಂದ, "ಜೆರೂಸಲೇಂ ಆರ್ಟಿಚೋಕ್. ಕಚೇರೀಲಿ ಒಬ್ಬರು ಕೊಟ್ಟಿದ್ದು" ಎಂದ.

ಸುಂದರಮ್ಮ ಹಿಂದೆ ಸರಿದರು. "ಜೆರೂಸಲೇಂ ಅಂದ್ರೆ ಪಾದ್ರಿಗಳ ಊರಲ್ವೇನ್ರೀ? ಪುಕ್ಕಟೆ ಕೊಟ್ರಾ? ಬದಲಿಗೆ ಏನು ಕೇಳಿದ್ರು?"

"ಏನೂ ಕೇಳಲಿಲ್ಲ."

"ಅದೇ ಮತ್ತೆ ಅನುಮಾನ."

ಕಿಟಕಿಗಳಲ್ಲಿ ಮುಖಗಳು ಮೂಡಿದವು. ಏಕಾದಶಿ ಭಜನೆಗೆ ಈತ ಬರಲಿಲ್ಲವೆಂದು ಯಾರೋ ನೆನಪಿಸಿದರು. "ಬೇಕರೀಲಿ ಕದ್ದುಮುಚ್ಚಿ ಕೇಕ್ ತಿಂದಿದಾರೆ" ಎಂದು ನಾಗಮಣಿಯೂ ಸೇರಿಸಿದಳು.

"ಕುಲ ಬಿಟ್ಟೋರಿಗೆ ನನ್ನ ವಠಾರದಲ್ಲಿ ಜಾಗ ಇಲ್ಲ" ಎಂದರು ಸುಂದರಮ್ಮ.

ನಂಜುಂಡಯ್ಯ ಬಾಯಿ ಮುಕ್ಕಳಿಸುವುದನ್ನೂ ಮರೆತ. "ಇದು ಸೂರ್ಯಕಾಂತಿ ಜಾತಿ ಗಿಡದ ಗೆಡ್ಡೆ ಕಣ್ರೀ. ಇಟಲಿಯೋರು ಸೂರ್ಯಕಾಂತೀನ ಜಿರಸೋಲೆ ಅಂತಾರಂತೆ. ಇಂಗ್ಲಿಷಿನೋರ ಬಾಯಲ್ಲಿ ಅದು ಜೆರೂಸಲೇಂ ಆಗೋಯ್ತು. ಆರ್ಟಿಚೋಕ್ ಅನ್ನೋ ತರಕಾರಿ ರುಚಿ ಇದೆ ಅಂತ ಅದರ ಹೆಸರೂ ಅಂಟಿಸಿದ್ರು. ಆ ಊರಿಗೂ ಇದಕ್ಕೂ ಸಂಬಂಧವೇ ಇಲ್ಲ."

"ಇದಕ್ಕೆ ಸಾಕ್ಷಿ?"

ಯುದ್ಧಕಾಲದಲ್ಲಿ ಇಟಲಿಯಲ್ಲಿ ಲಾರಿ ಓಡಿಸಿ ಬಂದ ಮಹದೇವು ನಜರ್‌ಬಾದಿನಲ್ಲಿದ್ದ. ನಂಜುಂಡಯ್ಯ ಸೈಕಲ್ಲು ತುಳಿದು, ಆತನನ್ನು ಹಿಂದೆ ಕೂರಿಸಿಕೊಂಡು ಬೆವರುತ್ತ ಬಂದ.

"ಹೌದು ಕಣಮ್ಮ" ಎಂದ ಮಹದೇವು. "ಜಿರಸೋಲೆ ಅಂದ್ರೆ ಸೂರ್ಯಕಾಂತಿನೇಯ. ಹೊಲದ ತುಂಬ ನೋಡಿವ್ನಿ."

ಸುಂದರಮ್ಮನ ಮುಖ ಸಡಿಲವಾಯಿತು. "ಸೂರ್ಯನಾರಾಯಣನ ಹೆಸರು. ಹಾಗಾದ್ರೆ ದೋಷವಿಲ್ಲ." ನಾಗಮಣಿ ಗೆಡ್ಡೆಯನ್ನು ಮತ್ತೆ ಕೈಗೆತ್ತಿಕೊಂಡಳು. ನಂಜುಂಡಯ್ಯ ನಿಟ್ಟುಸಿರಿಟ್ಟು ಮಹದೇವುಗೆ ಕಾಫಿ ತರಿಸಿದ.

ಕಾಫಿ ಹೀರುತ್ತ ಮಹದೇವು ಉತ್ಸಾಹಗೊಂಡ. "ಬೋ ಒಳ್ಳೆ ದೇಶ ಕಣಮ್ಮ ಇಟಲಿ. ಪೋಪು ಇರೋದೂ ಅಲ್ಲೇಯ, ರೋಮಲ್ಲಿ."

"ಪೋಪು ಅಂದ್ರೆ?"

"ಪಾದ್ರಿಗಳಿಗೆಲ್ಲ ಯಜಮಾನ್ರು."

ನಾಗಮಣಿ ಕೈಯಲ್ಲಿದ್ದ ಗೆಡ್ಡೆಯನ್ನು ಮೆಲ್ಲಗೆ ಕೆಳಗಿಟ್ಟಳು.

ಸುಂದರಮ್ಮ ಸೆರಗು ಬಿಗಿದುಕೊಂಡು ನಂಜುಂಡಯ್ಯನ ಕಡೆ ತಿರುಗಿದರು. "ಬರೀ ಪಾದ್ರಿಗಳ ಸಹವಾಸ ಅಂದ್ಕೊಂಡಿದ್ದೆ. ನೀವು ನೇರವಾಗಿ ಯಜಮಾನರನ್ನೇ ಹಿಡ್ಕೊಂಡಿದೀರಿ. ಸಂಜೆಯೊಳಗೆ ಮನೆ ಖಾಲಿ ಮಾಡಿ."