ಮೂರನೆಯ ಕರೆಯ ಹೊತ್ತಿಗೆ ಹೊತ್ತಿಕೊಂಡ ಹೀಟರಿಗೆ

ನಮ್ಮ ಅಂಗಳದಲ್ಲಿ ನಿಂತಿರುವ, ಒಳಗೇ ವಾಸಮಾಡಬಹುದಾದ ಕ್ಯಾಂಪರ್ ಗಾಡಿಯ ಗ್ಯಾಸ್ ಹೀಟರ್ ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ಮಿನೆಸೋಟದ ನವೆಂಬರ್ ಚಳಿಯಿಂದ ತಮಗೆ ಗೌರವಪೂರ್ವಕ ವಂದನೆಗಳು. ತಾವು ಕ್ಷೇಮವೆಂದು ಬಲ್ಲೆ. ತಮ್ಮಲ್ಲಿ ಯಾವ ದೋಷವೂ ಇಲ್ಲ, ಇರುವ ದೋಷವೆಲ್ಲ ನನ್ನದೇ ಎಂದು ಪಕ್ಕದ ಮನೆಯ ವರ್ಲಿನ್ ಈಗಾಗಲೇ ಪರೀಕ್ಷಿಸಿ ತಿಳಿಸಿದ್ದಾರೆ.

ತಮ್ಮ ಒಡತಿ, ನನ್ನ ಗಂಡನ ತಾಯಿ ಅರ್ಡಿಸ್, ಎಂಟು ವರ್ಷಗಳಿಂದ ನಮ್ಮ ಹೊಸ್ತಿಲು ತುಳಿದಿಲ್ಲ. ಮಾವನವರ ಅಂತ್ಯಕ್ರಿಯೆಯ ಊಟದಲ್ಲಿ ಅವರು ಬೇಯಿಸಿ ತಂದ ಹಾಟ್‌ಡಿಶ್ ಎಂಬ ತಿನಿಸಿಗೆ ಉಪ್ಪು ಸಾಲದೆಂದು ನಾನು ಚರ್ಚಿನ ಹೆಂಗಸರೆದುರು ಹೇಳಿದ್ದೇ ಕಾರಣ. ಹೇಳಬಾರದಿತ್ತು. ಉಪ್ಪು ಸಾಲದಿದ್ದದ್ದೂ ನಿಜ. ಈ ಸಲ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಅವರು ಅಂಗಳದವರೆಗೆ ಬಂದರು; ಗಾಡಿಯಲ್ಲೇ ಇರುವುದಾಗಿಯೂ, ಚಳಿ ತಡೆಯಲಾಗದಿದ್ದರೆ ಬೆಚ್ಚಗಿರುವ ದಕ್ಷಿಣದ ಊರುಗಳಿಗೆ ಹೊರಟುಬಿಡುವುದಾಗಿಯೂ ಹೇಳಿದರು.

ಔದಾರ್ಯ ತೋರಿಸುವ ಅವಕಾಶ ನನಗೆ ಅಪರೂಪ. ಗ್ಯಾರೇಜಿನಿಂದ ವೈರ್ ಎಳೆದು ಗಾಡಿಗೆ ಸಿಕ್ಕಿಸಿ, "ಇನ್ನು ನಮ್ಮನೆ ಕರೆಂಟಲ್ಲೇ ಬೆಚ್ಚಗಿರಿ, ನಿಮ್ಮ ಗ್ಯಾಸ್ ಯಾಕೆ ಸುಮ್ನೆ ಸುಡ್ತೀರ" ಎಂದು ಸಿಲಿಂಡರನ್ನು ನಾನೇ ಮುಚ್ಚಿಸಿದೆ. ಕರೆಂಟು ತಮ್ಮ ಫ್ಯಾನಿಗೆ ಮಾತ್ರ, ಉರಿಗೆ ಗ್ಯಾಸೇ ಬೇಕು ಎಂಬ ಸಂಗತಿಯನ್ನು ತಾವು ವಿನಯದಿಂದ ಗುಟ್ಟಾಗಿಟ್ಟಿರಿ. ತಣ್ಣನೆಯ ಗಾಳಿಯನ್ನು ಧಾರಾಳವಾಗಿ ಸುರಿಸಿ, ಮೂರು ಸಲ ಹೊತ್ತಲು ಪ್ರಯತ್ನಿಸಿ, ಮುನಿಸಿಕೊಂಡು ಕುಳಿತಿರಿ. ಬೆಳಿಗ್ಗೆ ಅರ್ಡಿಸ್ ಕೋಟಿನ ಮೇಲೆ ಕೋಟು ಹಾಕಿಕೊಂಡು ಬಾಗಿಲು ತೆರೆದರು. "ನಿನ್ನ ಮನೆಯಿಂದ ಎಂಥ ಬಿಸಿ ಬರುತ್ತೆ ಅಂತ ನಂಗೆ ಮೊದಲೇ ಗೊತ್ತಿತ್ತು ಬಿಡು."

ಗ್ಯಾಸ್ ತೆರೆದೆವು. ಆಗಲೂ ತಾವು ಒಲಿಯಲಿಲ್ಲ. ತಮ್ಮೊಳಗೊಂದು ಪುಟ್ಟ ರೆಕ್ಕೆಯಿದೆಯಂತೆ. ಫ್ಯಾನಿನ ಗಾಳಿಗೆ ಅದು ಎದ್ದು ನಿಂತರೆ ಮಾತ್ರ ಗ್ಯಾಸಿಗೆ ಅಪ್ಪಣೆ ಕೊಡುತ್ತೀರಂತೆ. ನಾನು ಎಳೆದಿದ್ದು ಕ್ರಿಸ್‌ಮಸ್ ದೀಪಗಳ ಸಣಕಲು ವೈರು, ಗಾಡಿಯ ಬ್ಯಾಟರಿಯೋ ರಾತ್ರಿ ಫ್ಯಾನ್ ತಿರುಗಿಸಿಯೇ ಸತ್ತಿತ್ತು. ಫ್ಯಾನ್ ನಿಟ್ಟುಸಿರಷ್ಟೇ ಬಿಟ್ಟಿತು, ರೆಕ್ಕೆ ಕದಲಲಿಲ್ಲ. ಇಂಥ ತತ್ವನಿಷ್ಠೆಯನ್ನು ಅತ್ತೆಯವರ ಹೊರತು ಇನ್ನೆಲ್ಲೂ ಕಂಡಿಲ್ಲ.

ಇದೆಲ್ಲ ಸಣ್ಣದು. ನನ್ನ ನಿಜವಾದ ದೂರು ಮುಂದಿದೆ.

ನಮ್ಮ ಕಡೆ ಕರೆದ ಕೂಡಲೇ ಒಳಗೆ ಬರುವುದು ಅಸಭ್ಯ. ಎರಡು ಸಲ ಬೇಡವೆಂದು ಮೂರನೆಯ ಕರೆಗೆ ಒಪ್ಪುವುದು ಮರ್ಯಾದೆ. ಎಂಟು ವರ್ಷಗಳಲ್ಲಿ ನಾನು ಅರ್ಡಿಸರನ್ನು ಎರಡೇ ಸಲ ಕರೆದಿದ್ದೆ. ಮೂರನೆಯದನ್ನು ಯಾಕೆ ಇಟ್ಟುಕೊಂಡಿದ್ದೆನೋ. ಅವರು ಒಪ್ಪಿಬಿಟ್ಟಾರೆಂಬ ಅಂಜಿಕೆಯೇ ಇದ್ದಿರಬಹುದು. ಅಂದು ವರ್ಲಿನ್ ದಪ್ಪ ವೈರ್ ತಂದು ಹಿಂದುಗಡೆ ಒದ್ದಾಡುತ್ತಿದ್ದಾಗ, ಗಾಡಿಯ ಮೆಟ್ಟಿಲ ಬಳಿ ನಿಂತು ಕೊನೆಗೂ ಅಂದೆ: "ಒಳಗೆ ಬನ್ನಿ ಅರ್ಡಿಸ್. ಕಾಫಿ ಆಗಿದೆ."

ಅವರು ಎದ್ದರು. ಒಂದು ಬೂಟು ಹಾಕಿಕೊಂಡರು. ಅಷ್ಟರಲ್ಲಿ ಫ್ಯಾನ್ ಗುಂಯ್‌ಗುಟ್ಟಿತು, ರೆಕ್ಕೆ ಎದ್ದಿತು, ತಾವು ಭುಗ್ಗೆಂದು ಹೊತ್ತಿಕೊಂಡಿರಿ. ಅರ್ಡಿಸ್ ಅಂಗೈ ಚಾಚಿ ಬಿಸಿಗಾಳಿ ನೋಡಿದರು, ಬೂಟು ಕಳಚಿದರು, ಕುಳಿತರು.

ಆದ್ದರಿಂದ ಹಬ್ಬದ ಮಧ್ಯಾಹ್ನ, ಊಟಕ್ಕೆ ಸರಿಯಾಗಿ ಅರ್ಧ ಗಂಟೆ ಮೊದಲು, ತಾವು ದಯಮಾಡಿ ಕೆಟ್ಟುಹೋಗಬೇಕೆಂದು ಕೋರಲು ಈ ಪತ್ರ ಆರಂಭಿಸಿದ್ದೆ. ನಡುವೆ ಎದ್ದು ಅರ್ಡಿಸರಿಗೆ ಕಾಫಿ ಕೊಟ್ಟು ಬಂದೆ. ಲೋಟ ತೆಗೆದುಕೊಂಡವರು ಬಾಗಿಲು ಮುಚ್ಚಲಿಲ್ಲ. "ಅಲ್ಲೇ ಯಾಕೆ ನಿಂತಿದೀಯ? ಒಳಗೆ ಬಾ. ಬೆಚ್ಚಗಿದೆ" ಎಂದರು.

ಅವರು ಕರೆದದ್ದು ಇದೇ ಮೊದಲು. ಮರ್ಯಾದೆಗೆ ತಕ್ಕಂತೆ ಬೇಡವೆಂದು ಬಂದಿದ್ದೇನೆ. ಮೇಲಿನ ಕೋರಿಕೆಯನ್ನು ರದ್ದುಪಡಿಸಬೇಕಾಗಿ ಪ್ರಾರ್ಥನೆ. ಇನ್ನೂ ಎರಡು ಕರೆ ಬರಬೇಕಿದೆ, ಅಲ್ಲಿಯವರೆಗೆ ಉರಿಯುತ್ತಿರಿ.

ತಮ್ಮ ಉರಿಯಲ್ಲಿ ವಿಶ್ವಾಸವಿಟ್ಟಿರುವ,
ಗ್ರೆಟ್ಟಾ ಓಫ್ಟೆಡಾಲ್

ಮರೆತ ಮಾತು: ತಮ್ಮ ಸದ್ದಿನಲ್ಲಿ ಅತ್ತೆಯವರಿಗೆ ನನ್ನ ಮಾತು ಅರ್ಧಕ್ಕರ್ಧ ಕೇಳಿಸುವುದಿಲ್ಲ. ಇದನ್ನು ದಯವಿಟ್ಟು ದೂರೆಂದು ಭಾವಿಸಿ ಸರಿಪಡಿಸಲು ಹೋಗಬೇಡಿ.