ಕೆಂಪು ಕಾರಿನ ಮೂರನೇ ಬಟನ್

ಹಳೆಯ ಕಾರು ಬಿಚ್ಚುವವನಿಗೆ ದೆವ್ವದ ಸಹವಾಸ ತಪ್ಪಿದ್ದಲ್ಲ. ರೋಣದ ನನ್ನ ಗ್ಯಾರೇಜಿಗೆ ವರ್ಷಕ್ಕೆ ಒಂದಾದರೂ ಅಂಥದ್ದು ಬಂದೇ ಬರುತ್ತದೆ. ಈ ವರ್ಷದ ಪಾಲಿಗೆ ಬಂದವರು ಗಜೇಂದ್ರಗಡದ ಸೀರೆ ವ್ಯಾಪಾರಿ. ಅರವತ್ತು ದಾಟಿದ ಮೇಲೆ ಅವರಿಗೆ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರಿನ ಹುಚ್ಚು ಹತ್ತಿತ್ತು. ಹೆಂಡತಿ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಒಮ್ಮೆ ತಂದರೆ ಸಾಯುವತನಕ ಅದೇ, ಬದಲಿಸುವಂತಿಲ್ಲ. ಹೆಣ್ಣು ನೋಡಲು ಹೋಗುವವರ ಹಾಗೆ ನನ್ನನ್ನೂ ಕರೆದುಕೊಂಡು ಹೊರಟರು.

ಹೊಳೆಮಣ್ಣೂರಿನ ಕರಿ ಕಾರು

ಹೊಳೆದಂಡೆಯ ಊರು. ಕಾರು ಮೇಲೆ ಫಳಫಳ. ಆದರೆ ಬ್ರೇಕ್ ಒತ್ತಿದಾಗಲೆಲ್ಲ ಬೆನ್ನ ಹಿಂದೆ ಯಾರೋ ಬಾಯಿ ಮುಕ್ಕಳಿಸಿದ ಸದ್ದು. ತಿರುಗಿ ನೋಡಿದರೆ ಯಾರೂ ಇಲ್ಲ. ವ್ಯಾಪಾರಿ ನನ್ನ ತೋಳು ಹಿಡಿದುಕೊಂಡರು. ಸುಳ್ಳೇಕೆ, ನನಗೂ ಮೈ ಜುಮ್ಮೆಂದಿತು.

ಇಳಿದು ಡಿಕ್ಕಿಯ ತಳದ ರಬ್ಬರ್ ಬಿರಡೆ ಕಿತ್ತೆ. ಅರ್ಧ ಕೊಡ ಕೆಸರು ನೀರು ಇಳಿಯಿತು.

“ಹೊಳಿ ನೀರು ಇದರ ಹತ್ರಾನೂ ಬಂದಿಲ್ರಿ. ಮಳಿ ನೀರದು,” ಎಂದ ಮಾಲೀಕ.

ನೀರಿನ ಜೊತೆ ಬಿದ್ದ ಕಪ್ಪೆಚಿಪ್ಪನ್ನು ವ್ಯಾಪಾರಿ ಎತ್ತಿ ತೋರಿಸಿದರು. “ಇದೂ ಮುಗಲಿನಿಂದ ಬಿತ್ತೇನ್ರಿ?”

ನರಗುಂದದ ಕೆಂಪು ಕಾರು

ಇದರ ಮಾಲೀಕರು ತೀರಿಕೊಂಡು ವರ್ಷವಾಗಿತ್ತು. ಮಾರುತ್ತಿದ್ದವನು ಅವರ ತಮ್ಮ. ಹೋದವರು ಆರಡಿ ಆಳು. ನಮ್ಮ ವ್ಯಾಪಾರಿ ಐದಡಿಗೆ ಒಂದು ಬೆರಳು ಕಡಿಮೆ. ಕೂತು ಕೀಲಿ ತಿರುಗಿಸಿದ್ದೇ ತಡ, ಸೀಟು ತಾನೇ ಹಿಂದೆ ಸರಿಯಿತು. ವ್ಯಾಪಾರಿಯ ಕಾಲು ಪೆಡಲ್ ಬಿಟ್ಟು ಗಾಳಿಯಲ್ಲಿ.

“ಅಣ್ಣ ಹಿಂಗ ಕೂಡ್ತಿದ್ದ ನೋಡ್ರಿ,” ಎಂದು ತಮ್ಮ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಸೀಟು ಬೆಚ್ಚಗಾಗತೊಡಗಿತು. ವ್ಯಾಪಾರಿ ಕೆಳಗೆ ಹಾರಿದರು. “ಯಾರೋ ಈಗಷ್ಟ ಎದ್ದು ಹೋದಂಗ ಐತ್ರಿ.”

ಸೀಟು ಕಾಸುವ ಸ್ವಿಚ್ಚಿಗೆ ಅವರ ಮೊಣಕೈ ತಾಗಿತ್ತು. ತೋರಿಸಿದೆ.

“ನಮ್ಮ ಸೀಮಿ ಬಿಸಲಾಗ ಸೀಟು ಕಾಸೋದಾ? ಇದಕ್ಕಿಂತ ದೆವ್ವನ ಚಲೋ ಇತ್ತಲ್ರಿ.”

ಇಂಜಿನ್ ಮಾತ್ರ ಬಂಗಾರ. ಇಪ್ಪತ್ತು ವರ್ಷಕ್ಕೆ ಚಿಂತೆಯಿಲ್ಲ ಎಂದೆ. ಕೊಂಡರು.

ಮೂರನೇ ಬಟನ್

ಆ ಕಾರಿನ ಬಾಗಿಲಲ್ಲಿ ಮೂರು ಬಟನ್. ಒಂದೊಂದೂ ಒಬ್ಬೊಬ್ಬರು ಕೂರುವ ಅಳತೆಯನ್ನು ನೆನಪಿಟ್ಟುಕೊಳ್ಳುತ್ತದೆ. ಒಂದನೆಯದು ತೀರಿಕೊಂಡವರದು, ಅಳಿಸಲು ವ್ಯಾಪಾರಿಗೆ ಮನಸ್ಸಾಗಲಿಲ್ಲ. ಎರಡನೆಯದಕ್ಕೆ ಅವರ ಅಳತೆ ಇಟ್ಟುಕೊಟ್ಟೆ. ಮೂರನೆಯದು ಖಾಲಿ. ಒತ್ತಿ ನೋಡಿದ್ದೆ, ಸೀಟು ಅಲುಗಾಡಿರಲಿಲ್ಲ.

ತಿಂಗಳು ಕಳೆದ ಮೇಲೆ ಫೋನ್ ಬಂತು. ವ್ಯಾಪಾರಿಯದು. “ಲಗೂ ಬರ್ರಿ. ಮೂರನೇದರಾಗ ಯಾರೋ ಬಂದು ಕುಂತಾರ.”

ಗಜೇಂದ್ರಗಡಕ್ಕೆ ಹೋಗಿ ಒತ್ತಿದೆ. ಖಾಲಿ ಸೀಟು ನಿಧಾನವಾಗಿ ಮುಂದೆ ಬಂತು, ಇನ್ನೂ ಮುಂದೆ, ಸ್ಟೇರಿಂಗಿಗೆ ತಾಗುವಷ್ಟು. ಬೆನ್ನು ನೆಟ್ಟಗಾಯಿತು. ಆಮೇಲೆ ಸೀಟೇ ಮೇಲೆದ್ದಿತು. ಕಾಣದ ಯಾರೋ ಗಿಡ್ಡ ಆಳು ಕೂತು ರಸ್ತೆ ನೋಡುತ್ತಿರುವ ಹಾಗೆ. ಮಟಮಟ ಮಧ್ಯಾಹ್ನದಲ್ಲಿ ನನಗೆ ಚಳಿ ಹತ್ತಿತು.

“ಮಾರಿಬಿಡೋಣ್ರಿ,” ವ್ಯಾಪಾರಿ ಪಿಸುಗುಟ್ಟಿದರು. “ಆದ್ರ ಮನಿಯಾಕಿಗೆ ನೀವ ಹೇಳ್ರಿ.”

ಅವರ ಹೆಂಡತಿ ಚಹಾ ತಂದು ಬಾನೆಟ್ ಮೇಲಿಟ್ಟರು. “ಯಾಕ ಮಾರೋದು? ಅದು ನನ್ನ ಅಳತಿ. ನೀವು ಅಂಗಡಿಗೆ ಹೋದ ಮ್ಯಾಲ ನನ್ನ ತಮ್ಮ ಬಂದು ನನಗ ಗಾಡಿ ಕಲಿಸಾಕತ್ತಾನ.”

“ಈ ವಯಸ್ಸಿನ್ಯಾಗ ನಿನಗ್ಯಾಕ ಗಾಡಿ?”

“ಸಾಯೂತನಕ ಇದನ್ನ ಇಟ್ಕೋತೀನಿ ಅಂತ ಒಪ್ಪಿದೋರು ನೀವು. ಆಮ್ಯಾಲ ಯಾರು ಓಡಸಬೇಕ್ರಿ?”