ಎರಡು ಪ್ರೊಸೆಸರು, ಒಬ್ಬ ರಾಘವ

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಸ್ಕೂಟರು ಚಿನಕುರಳಿ ದಿಬ್ಬದಲ್ಲೇ ಕೆಟ್ಟು ನಿಲ್ಲಲಿ.

ತೊಂಬತ್ತೇಳರಲ್ಲಿ ನಮ್ಮ ಕಡೆಯ ಒಂದು ಸಕ್ಕರೆ ಕಾರ್ಖಾನೆಗೆ, ಹೆಸರು ಬೇಡ, ಎರಡು ಪ್ರೊಸೆಸರಿನ, ಅಂದರೆ ಒಳಗೆ ಲೆಕ್ಕ ಮಾಡುವ ಆಳು ಇಬ್ಬರಿರುವ, ಕಂಪ್ಯೂಟರು ಬಂತು. ಮ್ಯಾನೇಜರು ಶ್ರೀನಿವಾಸಮೂರ್ತಿ ಆಪರೇಟರು ರಾಘವನನ್ನು ಕರೆದರು.

“ಕಬ್ಬಿನ ಗಾಡಿಗಳ ಸರದಿ ಚೀಟಿ ಇನ್ಮೇಲೆ ಅರ್ಧ ಹೊತ್ತಲ್ಲೇ ಮುಗೀಬೇಕಪ್ಪ. ಇಲ್ದಿದ್ರೆ ನೀನು ಮತ್ತೆ ತೂಕದ ಮನೆಗೆ.”

ತೂಕದ ಮನೆಯೆಂದರೆ ಧೂಳು, ಸಗಣಿ, ಬೈಗುಳ. ಅಲ್ಲಿಂದ ತಪ್ಪಿಸಿಕೊಳ್ಳಲೆಂದೇ ರಾಘವ ಕಂಪ್ಯೂಟರು ಕಲಿತಿದ್ದ.

ಚೀಟಿಯ ಪ್ರೋಗ್ರಾಮು ಓಡಿಸಿದ. ಅದೇ ಹಳೇ ವೇಗ! ಮೈಸೂರಿನ ಇಂಜಿನಿಯರು ಕುಮಾರನಿಗೆ ಫೋನು ಮಾಡಿದ.

“ಮಿಷನ್ನು ಹೊಸದು, ಒಳಗೆ ಕೆಲ್ಸ ಹಂಚೋ ಮೇಸ್ತ್ರಿ, ಆಪರೇಟಿಂಗ್ ಸಿಸ್ಟಂ, ಹಳೇದು ಕಣ್ರೀ. ಆ ಮೇಸ್ತ್ರಿಗೆ ಒಬ್ಬ ಆಳಿಗೆ ಕೆಲ್ಸ ಹೇಳಿ ಮಾತ್ರ ಗೊತ್ತು. ಇನ್ನೊಬ್ಬ ಬೀಡಿ ಸೇದ್ತಾ ಕೂತವ್ನೆ. ಹೊಸ ಸಿಸ್ಟಂ ಹಾಕಿ.”

ಹಾಕಿದ. ಪ್ರಿಂಟರು ತಮಟೆಯಂತೆ ಬಡಿದುಕೊಂಡು ಚೀಟಿ ಉಗುಳಿತು. ರಾಘವ ಮೀಸೆ ತಿರುವುವಷ್ಟರಲ್ಲಿ ಗೇಟಿನಲ್ಲಿ ಗಲಾಟೆ. ಚಿನಕುರಳಿಯ ಇಬ್ಬರು ರೈತರ ಎತ್ತುಗಳು ಕೊಂಬಿಗೆ ಕೊಂಬು ಕೊಟ್ಟು ನಿಂತಿದ್ದವು.

“ಲೇ ಕುಳ್ಳಯ್ಯ, ಗಾಡಿ ಇಂದಕ್ ತಕಳ್ಲಾ! ಏಳನೇ ನಂಬರು ನಂದು!”

“ನಿಂದು ಚೀಟಿ, ನಂದೇನ್ಲಾ ಮರಿಸ್ವಾಮಿ, ಮುತ್ತುಗದ ಎಲೆಯಾ? ಇಲ್ಲೂ ಏಳೇ ಅದೆ, ನೋಡ್ಲಾ!”

ಮತ್ತೆ ಫೋನು.

“ನಿಮ್ಮ ಪ್ರೋಗ್ರಾಮಲ್ಲಿ ನಂಬರಿಗೆ ಬೀಗ ಇಲ್ಲ,” ಎಂದ ಕುಮಾರ. “ಒಬ್ಬ ಆಳು ಕೊನೇ ನಂಬರು ಆರು ಅಂತ ನೋಡಿ ಏಳು ಬರೆಯೋಷ್ಟರಲ್ಲಿ ಇನ್ನೊಬ್ಬನೂ ಆರೇ ನೋಡವ್ನೆ.”

“ಎಲ್ಲಕ್ಕೂ ಒಂದು ದೊಡ್ಡ ಬೀಗ ಜಡಿದುಬಿಡ್ಲಾ?”

“ಜಡಿದ್ರೆ ಒಬ್ಬ ಒಳಗೆ, ಇನ್ನೊಬ್ಬ ಬಾಗಿಲಲ್ಲಿ ಕಾಯ್ತಾ, ಮತ್ತೆ ಹಳೇ ವೇಗ. ದೊಡ್ಡ ದೊಡ್ಡ ಸಿಸ್ಟಂಗಳೇ ಹಂಗೆ ಮಾಡಿ ಏಟು ತಿಂದವೆ. ನಂಬರು ಊರೂರಿಗೆ ಬೇರೆ ತಾನೆ, ಊರಿಗೊಂದು ಸಣ್ಣ ಬೀಗ ಹಾಕಿ. ಒಂದೂರು ಹಿಡಿದವ್ನಿಗೆ ಮತ್ತೆ ಮತ್ತೆ ಅದೇ ಊರು ಕೊಡಿ. ಆ ಊರಿನ ವಿವರ ಅವನ ಜೇಬಲ್ಲೇ ಇರ್ತದೆ, ಆ ಜೇಬಿಗೆ ಕ್ಯಾಶ್ ಅಂತಾರೆ, ದುಡ್ಡಲ್ಲ. ಪ್ರತಿ ಸಲ ಉಗ್ರಾಣಕ್ಕೆ, ಅಂದ್ರೆ ಮೆಮೊರಿಗೆ, ಓಡೋದು ತಪ್ತದೆ.”

ರಾಘವ ಹಾಗೇ ತಿದ್ದಿದ. ಮರುದಿನ ಚೀಟಿ ಸರಿಯಾಗಿ ಬಂತು, ಸಂಜೆಯವರೆಗೆ ಹಿಡಿಯುತ್ತಿದ್ದ ಕೆಲಸ ಮಧ್ಯಾಹ್ನಕ್ಕೇ ಮುಗಿಯಿತು. ಮೂರ್ತಿಗಳು ಮೆಟ್ಟಿಲು ಹತ್ತಿ ಬಂದು ಚೀಟಿಯ ಕಂತೆ ಎಣಿಸಿದರು.

“ಹೆಂಗಪ್ಪಾ ಮಾಡ್ದೆ?”

“ಸುಲಭ ಸಾರ್,” ಎಂದು ರಾಘವ ಎದೆಯುಬ್ಬಿಸಿದ. “ಕೆಲಸ ಬಲ್ಲವನನ್ನ ಒಂದು ಗಳಿಗೆನೂ ಸುಮ್ನೆ ಕೂರಿಸಬಾರದು.”

“ನಿಜ ಕಣಪ್ಪ. ಮಧ್ಯಾಹ್ನದ ಮೇಲೆ ನೀನೂ ಖಾಲಿ. ನಾಳೆಯಿಂದ ಊಟ ಮುಗಿಸ್ಕೊಂಡು ತೂಕದ ಮನೆಗೆ ಹೋಗ್ಬಿಡು.”

“ಸಾರ್, ನಾನಿರೋದು ಒಬ್ನೇ! ಒಂದೇ ಪ್ರೊಸೆಸರನ್ನ ಎರಡು ಕಡೆ ಹಂಚಿದ್ರೆ, ಸಾರ್, ಆಗ ಎರಡೂ ಕಡೆ ಕೆಲ್ಸ ಅರ್ಧ…”

ಮೂರ್ತಿಗಳು ಆಗಲೇ ಮೆಟ್ಟಿಲಿಳಿದು ಹೋಗಿದ್ದರು.